ದುರಗಪ್ಪಜ್ಜನ ಗಡ್ಡ

ಗಡ್ಡಕ್ಕೆ ಹಚ್ಚುವ ಡಬ್ಬಿಯ ನೊರೆ ತಣ್ಣಗಿರುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ ಗೊತ್ತಿಲ್ಲ, ಬಿರುಬೇಸಿಗೆಯ ಮಧ್ಯಾಹ್ನ ಒತ್ತಿದರೂ ಅದು ಅಂಗೈಗೆ ಬರುವುದು ತಣ್ಣಗೇ, ಎಲ್ಲೋ ದೂರದ ಊರಿನಿಂದ ಬಂದ ಹಾಗೆ. ಬರುವಾಗ ಬುಸ್ ಎನ್ನುತ್ತದೆ. ಬಂದ ಮೇಲೆ ತಾನಾಗಿ ಉಬ್ಬುತ್ತದೆ. ಯಾರೂ ಕಲಕಲಿಲ್ಲ, ತಿಕ್ಕಲಿಲ್ಲ, ಸುಮ್ಮನೆ ಕೈಯಲ್ಲಿ ಕೂತು ಬೆಳೆಯುತ್ತದೆ. ಬೆಳಿಗ್ಗೆ ಬೆಳಿಗ್ಗೆ ಇದನ್ನು ನೋಡುತ್ತಾ ನಿಲ್ಲುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಆದರೂ ಬಹಳ ವರ್ಷ ಅದನ್ನೇ ಹಚ್ಚಿಕೊಂಡೆ. ಯಾಕೆಂದರೆ ನಾನು ಓದಿದವನು.

ಓದಿದ್ದು ಅಂದರೆ ಹೇಗೆ ಓದಿದ್ದು ಎಂದು ನನಗೇ ಗೊತ್ತು. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಮೊದಲು ಹೊಸ್ತಿಲು ದಾಟಿಸಿ ತಂದವನು ನಾನು. ಹಾನಗಲ್ಲಿನ ಬಾಡಿಗೆ ಮನೆಯ ಬಾಗಿಲಿಗೆ ಬಿ.ಎಸ್ಸಿ., ಬಿ.ಎಡ್. ಎಂದು ಹಲಗೆ ಬರೆಸಿ ಹಾಕಿದ್ದೇನೆ. ಅದರಲ್ಲಿ ಹೆಸರಿಗಿಂತ ಪದವಿಯ ಅಕ್ಷರಗಳು ದೊಡ್ಡದಾಗಿವೆ. ಬಂದವರು ನಕ್ಕರೆ ಪೇಂಟರ್ ತಪ್ಪು ಮಾಡಿದ ಎನ್ನುತ್ತೇನೆ. ತಪ್ಪಲ್ಲ, ನಾನೇ ನಿಂತು ಬರೆಸಿದ್ದು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕ ಮೇಲೆ ನಾನು ಕೊಂಡ ಮೊದಲ ದೊಡ್ಡಸ್ತಿಕೆಯ ಸಾಮಾನು ಆ ನೊರೆಯ ಡಬ್ಬಿ. ಮೊದಲ ದಿನ ಎಷ್ಟು ಒತ್ತಬೇಕು ತಿಳಿಯದೆ ಒತ್ತುತ್ತಲೇ ಹೋದೆ. ಕಿವಿ ಮುಚ್ಚಿತು, ಮೂಗು ಮುಚ್ಚಿತು, ಉಳಿದದ್ದು ಬಚ್ಚಲ ಗೋಡೆಗೆ ಹತ್ತಿತು. ಹೆಂಡತಿ ಸುಜಾತಾ ಇಣುಕಿ ನೋಡಿ, "ಯಾರ ಹುಟ್ಟಿದ ಹಬ್ಬರೀ ಇವತ್ತ? ಮ್ಯಾಲ ಒಂದ್ ಮೇಣಬತ್ತಿ ಹಚ್ಚಲೇನು?" ಎಂದಳು.

ಅಪ್ಪನದು ಬೇರೆ ವ್ಯವಹಾರ. ಹಿರೇಕೆರೂರು ತಾಲೂಕಿನಲ್ಲಿ ಮಾಸೂರಿನ ಆಚೆ, ಮದಗದ ಕೆರೆಯ ಕಾಲುವೆ ಹೋಗಿ ಮುಗಿಯುವ ಕಡೆ ನಮ್ಮೂರು. ಊರಿನ ಗಡ್ಡದ ಕತ್ತಿ ನಮ್ಮ ಕೇರಿಗೆ ಬರುತ್ತಿರಲಿಲ್ಲ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಕೂಲಿಗೆ ಹೋಗುವ ಅಪ್ಪ ಒಂದು ಬ್ಲೇಡು ತಂದು, ಮೊದಲು ತನ್ನ ಗಲ್ಲದ ಮೇಲೆ, ಆಮೇಲೆ ತಮ್ಮಂದಿರ ಗಲ್ಲದ ಮೇಲೆ ಕಲಿತು, ಇಡೀ ಕೇರಿಗೆ ಗಡ್ಡ ಮಾಡುವವನಾದ. ಭಾನುವಾರ ಬೆಳಿಗ್ಗೆ ಹೊಂಗೆಯ ಮರದ ಕೆಳಗೆ ಗಂಡಸರು ಸಾಲಾಗಿ ಕೂಡುತ್ತಿದ್ದರು. ಅವ್ವ ಹಂಡೆಯಿಂದ ಬಿಸಿನೀರು ತಂದುಕೊಡುತ್ತಿದ್ದಳು. ಅಲ್ಯುಮಿನಿಯಂ ಬಟ್ಟಲಿನಲ್ಲಿ ದುಂಡನೆಯ ಸಾಬೂನು, ತಿಕ್ಕಿ ತಿಕ್ಕಿ ನಡುವೆ ಗುಂಡಿ ಬಿದ್ದದ್ದು. ಅಪ್ಪ ಬ್ರಶ್ಶನ್ನು ನೀರಿಗೆ ಅದ್ದಿ ಆ ಗುಂಡಿಯಲ್ಲಿ ತಿರುವತೊಡಗಿದರೆ ಮೊದಲು ಬರೀ ನೀರು, ಆಮೇಲೆ ಗುಳ್ಳೆ, ಆಮೇಲೆ ಮಜ್ಜಿಗೆ, ಕಡೆಗೆ ಬೆಣ್ಣೆ. ಆ ನೊರೆಯಿಂದ ಹಬೆ ಏಳುತ್ತಿತ್ತು.

ಗಡ್ಡ ಮೆತ್ತಗಾಗಲಿ ಎಂದು ಸಾಲಿನಲ್ಲಿ ಕುಂತ ಎಲ್ಲರಿಗೂ ಒಮ್ಮೆಗೇ ನೊರೆ ಹಚ್ಚಿಬಿಡುವುದು ಅಪ್ಪನ ಪದ್ಧತಿ. ನನಗೆ ಚಿಕ್ಕಂದಿನಲ್ಲಿ ಅದನ್ನು ಕಂಡರೆ ಅಂಜಿಕೆ. ನೊರೆ ಹತ್ತಿದ ಮೇಲೆ ಯಾವ ಮುಖಕ್ಕೂ ಗುರುತಿರುತ್ತಿರಲಿಲ್ಲ. ಬಿಳಿ ಗುಂಡಿನಲ್ಲಿ ಎರಡು ಕಣ್ಣು, ಅಷ್ಟೇ. ಒಂದು ಸಲ ಕಾಕಾನನ್ನು ಊಟಕ್ಕೆ ಕರೆಯಲು ಹೋದವನು ಯಾರದೋ ಕೈ ಹಿಡಿದು, "ಕಾಕಾ, ಬಾ" ಎಂದೆ. ಕೈಯ ಒಡೆಯ ಮಾತಾಡಲಿಲ್ಲ. ಇನ್ನೊಮ್ಮೆ ಎಳೆದೆ. ಆಗ ಸಾಲಿನ ಅಷ್ಟೂ ಬಿಳಿ ಮುಖಗಳು ಒಟ್ಟಿಗೇ ನನ್ನ ಕಡೆ ತಿರುಗಿದವು. ಚೇಷ್ಟೆ ಮಾಡುತ್ತಿದ್ದರು, ಈಗ ತಿಳಿಯುತ್ತದೆ. ಅವತ್ತು ಅಳುತ್ತಾ ಓಡಿದವನು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಅಪ್ಪನ ಕೆಲಸ ಬದುಕಿದ್ದವರೊಂದಿಗೇ ಮುಗಿಯುತ್ತಿರಲಿಲ್ಲ. ಕೇರಿಯಲ್ಲಿ ಗಂಡಸು ತೀರಿಕೊಂಡರೆ ಮೈತೊಳೆದು, ಗೋಡೆಗೆ ಒರಗಿಸಿ ಕೂಡಿಸುವ ಮೊದಲು ಕಡೆಯ ಗಡ್ಡ ತೆಗೆಯಬೇಕು. ಅದಕ್ಕೂ ಅದೇ ಬಟ್ಟಲು, ಅದೇ ಸಾಬೂನು, ಅದೇ ಬ್ರಶ್ಶು. ಅದಕ್ಕೊಂದು ಬೇರೆ ಬ್ರಶ್ ಇಟ್ಟುಕೊಳ್ಳಬಾರದೇ ಎಂದು ಅವ್ವ ಒಮ್ಮೆ ಗೊಣಗಿದ್ದಳು.

"ನಿನ್ನೀತನಕ ಇದ ಬ್ರಶ್ಶಿಗೆ ಗಲ್ಲಾ ಕೊಟ್ಟಾವನ್ನ ಇವತ್ತ ಯಾಕ ಬ್ಯಾರೆ ಮಾಡ್ಲಿ?" ಎಂದಿದ್ದ ಅಪ್ಪ. "ನಮ್ಮನ್ನ ಬ್ಯಾರೆ ಮಾಡಾವ್ರು ಊರತುಂಬ ಅದಾರ. ನಾನೂ ಸುರು ಮಾಡ್ಲೇನು?"

ನಾಲ್ಕಾರು ವರ್ಷದ ಹಿಂದೆ ಅಪ್ಪ ಹೋದ. ಹೋದ ದಿನ ಬೆಳಿಗ್ಗೆ ತಾನೇ ಗಡ್ಡ ಮಾಡಿಕೊಂಡು, ಪಟಿಕ ಉಜ್ಜಿಕೊಂಡು, ಮುಖ ಒರೆಸಿಕೊಂಡು ಕೂತಿದ್ದ. ಯಾರಿಗೂ ಕೆಲಸ ಉಳಿಸಲಿಲ್ಲ. ಬಟ್ಟಲು, ಬ್ರಶ್ಶು ನನ್ನ ಹತ್ತಿರ ಬಂದವು. ಅವನ್ನು ಬಚ್ಚಲ ಕಿಟಕಿಯಲ್ಲಿ ಡಬ್ಬಿಯ ಪಕ್ಕ ಇಟ್ಟು, ಡಬ್ಬಿಯನ್ನೇ ಒತ್ತುತ್ತಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ದುರಗಪ್ಪಜ್ಜ ಬಂದ. ಇವನು ಅಪ್ಪನ ಸಾಲಿನ ಹಳೆಯ ಗಿರಾಕಿ, ನಮ್ಮ ಕೇರಿಯವನೇ. ಹೆಂಡತಿ ಕೆಂಚವ್ವ ಹರೆಯದಲ್ಲೇ ತೀರಿಹೋದ ಮೇಲೆ ಒಬ್ಬಳೇ ಮಗಳು ಮಲ್ಲವ್ವನನ್ನು ತಾನೇ ಸಾಕಿ, ಸವಣೂರಿಗೆ ಮದುವೆ ಮಾಡಿಕೊಟ್ಟು, ಈಗ ಅವಳ ಮನೆಯಲ್ಲೇ ಇದ್ದ. ಮಗಳು ಅಳಿಯ ಅಲ್ಲಿ ಎಲೆಬಳ್ಳಿಯ ತೋಟದಲ್ಲಿ ಕೆಲಸ ಮಾಡುತ್ತಾರೆ. ಬಸ್ಸಿಳಿದು ಬಂದವನು ತಿನ್ನಲೆಂದು ತಂದ ಸವಣೂರು ಖಾರದ ಪೊಟ್ಟಣ ಸುಜಾತಾಳ ಕೈಗೆ ಕೊಟ್ಟು, ಎದುರು ಮನೆಯ ಶಾರದಕ್ಕ ಸವಣೂರಿನವಳೇ ಎಂದು ತಿಳಿದು ಅವಳ ಜೊತೆ ಓಣಿಯ ಸುದ್ದಿಯನ್ನೆಲ್ಲ ಮಾತಾಡಿ, ಆಮೇಲೆ ನಮ್ಮ ಕಟ್ಟೆಯ ಮೇಲೆ ಕೂತು ಗಲ್ಲ ಕೆರೆದುಕೊಂಡ. ಗಡ್ಡ ಬೆಳ್ಳಗೆ ಮುಳ್ಳಿನಂತೆ ಎದ್ದಿತ್ತು.

"ಮಾಸ್ತರ, ನಿಮ್ಮಪ್ಪ ನನಗ ಮಾತ ಕೊಟ್ಟಿದ್ದ. ದುರಗಪ್ಪ, ನಿನ್ನ ಕಡೀ ಗಡ್ಡ ನನ್ನ ಕೈಯಾಗ ಅಂದಿದ್ದ. ತಾನ ಮುಂದ ಹ್ವಾದ. ಈಗ ಅದು ನಿನ್ನ ಮ್ಯಾಲ ಬಂತು."

"ಸವಣೂರಾಗ ಬೇಕಾದಷ್ಟ ಕಟಿಂಗ್ ಅಂಗಡಿ ಅದಾವಲ್ಲ ಅಜ್ಜಾ. ಈಗ ಎಲ್ಲಾರಿಗೂ ಮಾಡ್ತಾರ."

"ಜೀವಂತ ಇದ್ದಾವ್ರಿಗಿ ಮಾಡ್ತಾರ. ನಾ ಎಲ್ಲಾ ಅಂಗಡಿ ಹೊಕ್ಕ ಕೇಳೇನಿ. ನಾ ಸತ್ತರ ಬರ್ತೀರೇನ್ರಿ ಅಂದ್ರ ಕತ್ತರಿ ಕೆಳಗಿಟ್ಟ ಕುಂದರ್ತಾರ. ಒಬ್ಬಾವಂತೂ, ಅಜ್ಜಾ ಇವತ್ತಿಂದ ಪುಕ್ಕಟೆ ಮಾಡ್ತೇನಿ, ಆದ್ರ ಈ ಮಾತ ಮತ್ತ ಆಡಬ್ಯಾಡ ಅಂದ."

ನಾನು ನಕ್ಕೆ. ಅಜ್ಜ ನಗಲಿಲ್ಲ.

"ಕೆಂಚವ್ವ ಹೋಗುವಾಗ ಮಲ್ಲವ್ವ ತೊಟ್ಟಲದಾಗಿದ್ಲು. ನನ್ನ ಗಡ್ಡ ಮೀಸಿ ಎಲ್ಲಾ ಕರ್ರಗಿದ್ದವು. ಅಕಿಗೆ ಗೊತ್ತಿದ್ದದ್ದು ಆ ಮಾರಿ. ಈಗ ಈ ಬಿಳೀ ಮುಳ್ಳ ಹೊತಗೊಂಡ ಅಲ್ಲಿಗೆ ಹ್ವಾದೆ ಅಂದ್ರ, ಯಾರೋ ಮುದುಕಪ್ಪ ಬಂದಾನಂತ ಸೆರಗ ಹೊತಗೊಂಡ ಒಳಗ ಹೋಗಿಬಿಡ್ತಾಳ. ತೆಲಿಗೆ ರುಮಾಲ ಸುತ್ತಿದ್ರ ಕೂದಲ ಮುಚ್ಚತೈತಿ. ಗಡ್ಡಕ್ಕ ಏನ ಸುತ್ತಲಿ?"

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅದರ ಪಕ್ಕದಲ್ಲಿ ಅವ್ವ ತಂದಿಟ್ಟ ದುರಗವ್ವನ ಪಟವೂ ಇದೆ, ಅವರಿಬ್ಬರಿಗೂ ತಕರಾರಿಲ್ಲ. ನಾನು ಬುದ್ಧನ ಕಡೆಗೆ ನೋಡಿ, ಮಾಸ್ತರನ ದನಿ ತಂದುಕೊಂಡು ಹೇಳಿದೆ: "ಅಜ್ಜಾ, ಅಲ್ಲಿ ಇಲ್ಲಿ ಅಂತ ಎಲ್ಲೂ ಏನೂ ಇಲ್ಲ. ಸತ್ತ ಮ್ಯಾಲ ಯಾರೂ ಯಾರ ಗುರ್ತೂ ಹಿಡ್ಯಾಂಗಿಲ್ಲ."

"ಇಲ್ದಿದ್ರ ಇರವಲ್ದು," ಎಂದ ಅಜ್ಜ. "ಇದ್ರ?"

ನಾನು ದುರಗವ್ವನ ಪಟದ ಕಡೆಗೆ ನೋಡಿದೆ. ಆಗಲಿ, ಬರುತ್ತೇನೆ ಎಂದೆ. ಆದರೆ ಅಜ್ಜ ಬರೀ ಮಾತಿಗೆ ಒಪ್ಪುವ ಆಸಾಮಿಯಲ್ಲ. "ನಿನ್ನ ಕೈ ಹ್ಯಾಂಗೈತಿ ನೋಡಬೇಕಲ್ಲ. ಈಗೊಂದ್ ತಾಲೀಮು ಮಾಡಿಬಿಡು," ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

ನಾನು ಡಬ್ಬಿ ತಂದು ಒತ್ತಿದೆ. ಅಜ್ಜ ಬೆಚ್ಚಿ ಹಿಂದೆ ಸರಿದ. "ಏನಲೇ ಅದು? ಮನ್ಯಾಗ ಹಾವ ಸಾಕೀಯೇನು?" ನೊರೆ ಗಲ್ಲಕ್ಕೆ ತಾಗಿದ್ದೇ ತಡ, ಕೈ ಸರಿಸಿದ. "ತಗೀ ತಗೀ. ಹೆಣಕ್ಕ ಇನ್ನೊಂದ್ ಹೆಣ ಕೈ ಹಚ್ಚಿದಂಗ ಆಕ್ಕೈತಿ. ನಿಮ್ಮಪ್ಪನ ಬ್ರಶ್ ಎಲ್ಲೈತಿ, ಅದನ್ನ ತಾ."

ಸುಜಾತಾ ನೀರು ಕಾಯಿಸಿದಳು. ನಾನು ಬಟ್ಟಲು ಬ್ರಶ್ಶು ತೊಳೆದು, ಹೊಸ ಸಾಬೂನು ಹಾಕಿ ತಿರುವಿದೆ. ನೀರು, ಗುಳ್ಳೆ, ಮಜ್ಜಿಗೆ ಬಂತು, ಬೆಣ್ಣೆ ಬರಲು ಹೊತ್ತು ಹಿಡಿಯಿತು. ಗಲ್ಲಕ್ಕೆ ಹಚ್ಚಿದಾಗ ಅಜ್ಜ ಕಣ್ಣು ಮುಚ್ಚಿ, "ಹಾಂ, ಇದು ಮನಶ್ಯಾನ ಕೈ," ಎಂದ. ಆಮೇಲೆ, "ಈಗ ನಾ ಸತ್ತೇನಿ ಅಂತ ತಿಳಕೋ," ಎಂದು ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಬಾಯಿ ಅರ್ಧ ತೆರೆದು, ಎರಡೂ ಕೈ ಕುರ್ಚಿಯ ಆಚೆ ಈಚೆ ಜೋಲುಬಿಟ್ಟ.

"ಅಜ್ಜಾ, ಗಲ್ಲಾ ಸ್ವಲ್ಪ ಉಬ್ಬಸು."

ಒಂದು ಕಣ್ಣು ತೆರೆಯಿತು. "ಸತ್ತಾವ ಉಬ್ಬಸ್ತಾನೇನಲೇ? ನೀನ ಒಳಗ ಬಟ್ಟ ಹಾಕಿ ಉಬ್ಬಸಬೇಕು." ಕಣ್ಣು ಮತ್ತೆ ಮುಚ್ಚಿತು.

ಬಾಯಿಯೊಳಗೆ ಬೆರಳಿಟ್ಟು ಗಲ್ಲ ಉಬ್ಬಿಸಿ ಬ್ಲೇಡು ಎಳೆದೆ. ಒಂದು ಗಲ್ಲ ಮುಗಿಯುವವರೆಗೆ ನಗೆ ಬರುತ್ತಿತ್ತು. ಇನ್ನೊಂದು ಗಲ್ಲಕ್ಕೆ ಬಂದಾಗ ನಗೆ ನಿಂತಿತು. ಮೂಗಿನ ಕೆಳಗಿನ ನೊರೆಯಲ್ಲಿ ಒಂದು ಸಣ್ಣ ಗುಳ್ಳೆ ಇತ್ತು. ಉಸಿರಾಡುವವನ ಮೂಗಿನ ಕೆಳಗಿನ ಗುಳ್ಳೆ ಅಲುಗಬೇಕು. ಅದು ಅಲುಗುತ್ತಿರಲಿಲ್ಲ. ನಾನು ಬ್ಲೇಡು ಹಿಡಿದು ಅದನ್ನೇ ನೋಡುತ್ತಾ ನಿಂತೆ. ನನ್ನ ಬೆರಳು ಇನ್ನೂ ಅವನ ಬಾಯಿಯಲ್ಲೇ ಇತ್ತು. ಬಾಯಿಯೊಳಗೆ ಬಿಸಿ ಇರಲಿಲ್ಲ. "ಅಜ್ಜಾ," ಎಂದೆ. "ಅಜ್ಜಾ, ಸಾಕ ಬಿಡು."

ಎದುರು ಮನೆಯ ಅಂಗಳದಲ್ಲಿ ಏನೋ ಬಿದ್ದ ಸದ್ದಾಯಿತು. ಶಾರದಕ್ಕ ರಂಗೋಲಿ ಡಬ್ಬಿ ಕೈಬಿಟ್ಟು, "ಅಯ್ಯಯ್ಯ, ಅಜ್ಜ ಹ್ವಾದ್ನಲ್ರೀ! ಈಗರೆ ಮಾತಾಡ್ಸಿದ್ದೆ!" ಎಂದು ಚೀರಿ ಒಳಗೆ ಓಡಿದಳು.

ಅಜ್ಜ ಎದ್ದು ಕೂತು ನೊರೆ ಉಗುಳಿದ. "ಯಾರ ಹ್ವಾದ್ರು?" ಎಂದ.

ನಾವು ನಗುತ್ತಾ ಉಳಿದ ಗಡ್ಡ ಮುಗಿಸಿದೆವು. ಶಾರದಕ್ಕನಿಗೆ ಹೇಳಿ ಕಳಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಅವಳು ಅಷ್ಟರಲ್ಲಿ ಸವಣೂರಿನ ತಮ್ಮನಿಗೆ ಫೋನು ಮಾಡಿದ್ದಳು. ತಮ್ಮ ಓಡಿಹೋಗಿ ಮಲ್ಲವ್ವನಿಗೆ ತಿಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಟಂಟಂ ಆಟೋ ತುಂಬ ಹೆಂಗಸರನ್ನು ಕರೆದುಕೊಂಡು, ಮಾಲೆ ಹಿಡಿದುಕೊಂಡು, ಬಂಕಾಪುರದಿಂದಲೇ ಅಳಲು ಸುರು ಮಾಡಿಕೊಂಡು ಮಲ್ಲವ್ವ ಬಂದಿಳಿದಳು. ಅವಳಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಿದ್ದ.

ಅತ್ತಳು, ನಕ್ಕಳು, ಅಪ್ಪನ ಬೆನ್ನಿಗೆ ಎರಡು ಗುದ್ದಿದಳು. "ಸತ್ತಿಲ್ಲಂದ್ರ ಮೊದ್ಲ ಹೇಳಾಕ ಏನ್ ಧಾಡಿ ನಿನಗ! ದಾರ್ಯಾಗ ನಿನ್ನ ಗುಣಾ ಎಲ್ಲಾ ಹೊಗಳಿ ಹೊಗಳಿ ಅತ್ತ ಬಂದೇನಿ, ಎಲ್ಲಾ ಸುಳ್ಳಾತು!"

ಎಲ್ಲರೂ ಚಹಾ ಕುಡಿದ ಮೇಲೆ ಮಾಲೆಯ ಪ್ರಶ್ನೆ ಬಂತು. ಹೆಣಕ್ಕೆಂದು ತಂದ ಹೂವನ್ನು ತಿರುಗಿ ಒಯ್ಯಬಾರದು ಎಂದು ಹೆಂಗಸರು. ನಮ್ಮ ಮನೆಯಲ್ಲಿ ಬಿಡಬಾರದು ಎಂದು ಸುಜಾತಾ. ದೇವರಿಗಂತೂ ಹಾಕುವ ಹಾಗಿಲ್ಲ. ಬಿಸಾಡಿದರೆ ಯಾರಾದರೂ ತುಳಿಯುತ್ತಾರೆ. ಮಾತು ಬಗೆಹರಿಯದೆ ಜಗಳಕ್ಕೆ ಬರುವಾಗ ದುರಗಪ್ಪಜ್ಜ, "ಯಾರಿಗಂತ ತಂದೀರಿ, ಅವರಿಗ ಹಾಕ್ರಿ. ಅಷ್ಟಕ್ಕ ಯಾಕ ವಾದಾ?" ಎಂದು ಕುತ್ತಿಗೆ ಬಗ್ಗಿಸಿದ. ಮಲ್ಲವ್ವ ಹಾಕಲಿಲ್ಲ. ಅವನೇ ಮಾಲೆ ಇಸಿದುಕೊಂಡು ಹಾಕಿಕೊಂಡ. ಆಮೇಲೆ ಯಾರೂ ನಗಲಿಲ್ಲ. ಟಂಟಂ ಹೊರಟಾಗ ನುಣ್ಣನೆಯ ಮುಖ, ಕೊರಳಲ್ಲಿ ಮಾಲೆ, ಹೆಂಗಸರ ನಡುವೆ ನೆಟ್ಟಗೆ ಕೂತಿದ್ದ. ರಸ್ತೆಯಲ್ಲಿ ಒಬ್ಬ ಸೈಕಲ್ಲಿನವನು ಇಳಿದು ಕೈಮುಗಿದದ್ದನ್ನು ನಾನೇ ನೋಡಿದೆ.

ಬೇಸಿಗೆಗೆ ಮುಂಚೆ ಶಾಲೆಯ ಕೆಲಸಕ್ಕೆ ಶಿಗ್ಗಾಂವಿಗೆ ಹೋದವನು, ಹೇಗೂ ಬಂದಿದ್ದೇನೆಂದು ಸವಣೂರಿಗೂ ಹೋದೆ. ನೀವು ಎಲೆಬಳ್ಳಿಯ ತೋಟದೊಳಗೆ ಹೋಗಿದ್ದೀರಾ? ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಹಸಿರು ಕತ್ತಲು, ಕಾಲಡಿ ತೇವ, ದನಿ ಬೇರೆಯಾಗಿ ಕೇಳುತ್ತದೆ. ಅಂಚಿನಲ್ಲಿ ಕೂತು ಅಜ್ಜ ಎಲೆಗಳನ್ನು ಒಂದರ ಮೇಲೊಂದು ಅಡಕುತ್ತಿದ್ದ. ಅವನ ಗಲ್ಲ ನೋಡಿ, ಇಲ್ಲೇ ಯಾರೋ ಚೆನ್ನಾಗಿ ಗಡ್ಡ ಮಾಡುವವರು ಸಿಕ್ಕಿದ್ದಾರೆ ಎಂದುಕೊಂಡೆ.

"ಯಾರ ಮಾಡಿದ್ರು ಅಜ್ಜಾ?"

"ನೀನ ಮಾಡಿದ್ಯಲ್ಲ."

"ಅದು ಚಳಿಗಾಲದಾಗ."

"ಹೂಂ. ಅವತ್ತಿಂದ ಬಂದಿಲ್ಲ."

ಮಲ್ಲವ್ವ ಬುಟ್ಟಿ ಇಳಿಸಿ, ಮೆಲ್ಲಗೆ ಹೇಳಿದಳು: "ಖರೇನ ರೀ ಮಾಸ್ತರ. ಒಂದ್ ಕೂದಲಾ ಬಂದಿಲ್ಲ. ತೆಲ್ಯಾಗ ಬೆಳ್ಯಾಕತ್ತಾವು, ಉಗುರ ಬೆಳ್ಯಾಕತ್ತಾವು. ಗಡ್ಡ ಅಷ್ಟ ಇಲ್ಲ. ಓಣ್ಯಾಗಿನ ಮಂದಿ ಬಾಯಿಗೆ ಬಂದಂಗ ಮಾತಾಡ್ತಾರ. ಗಡ್ಡ ಆತು, ಮಾಲಿ ಆತು, ಇನ್ನೇನ ಉಳದೈತಿ ಅಂತಾರ. ನನಗ ಅಂಜಿಕಿ ಬರ್ತೈತ್ರಿ."

ನಾನು ಮುಟ್ಟಿ ನೋಡಿದೆ. ಬಹಳ ದಿನ ಬಳಸಿದ ಸಾಬೂನಿನ ಮೈಯಂತೆ ನುಣುಪು, ಸ್ವಲ್ಪ ತಣ್ಣಗೆ. ವಯಸ್ಸಾದ ಮೇಲೆ ಕೆಲವರಿಗೆ ಗ್ರಂಥಿಗಳ ಕೆಲಸ ಕಡಿಮೆಯಾಗುತ್ತದೆ ಎಂದು ದೊಡ್ಡದಾಗಿ ವಿವರಿಸಿದೆ. ತಲೆಯಲ್ಲಿ ಯಾಕೆ ಬೆಳೆಯುತ್ತದೆ ಎಂದು ಮಲ್ಲವ್ವ ಕೇಳಲಿಲ್ಲ, ಪುಣ್ಯ.

"ನಿನಗೇನ ಅನಸೂದಿಲ್ಲೇನಜ್ಜಾ?"

"ಅನಸೂದೇನು? ಬೇಕಾದಾಗ ಬರ್ತೈತಿ ಬಿಡು," ಎಂದು ಎಲೆಯ ತೊಟ್ಟು ಚಿವುಟಿದ. "ನೀ ಮಾತ್ರ ಬರಾದು ತಪ್ಪಸಬ್ಯಾಡ. ಅವತ್ತ ಆದದ್ದು ಬರೇ ತಾಲೀಮು."

ಅಲ್ಲಿಂದ ಬಂದ ಮೇಲೆ ಡಬ್ಬಿ ಒತ್ತುವುದು ಬಿಟ್ಟೆ. ಅಜ್ಜನ ಗಲ್ಲದ ನೆನಪಾಗಿ ಆ ತಣ್ಣನೆಯದು ಮುಖಕ್ಕೆ ತಾಗಿದರೆ ಮೈ ಜುಮ್ಮೆನ್ನುತ್ತಿತ್ತು. ದಿನಾ ಬಿಸಿನೀರು, ಬಟ್ಟಲು, ಬ್ರಶ್ಶು. ಬೆಣ್ಣೆ ಬೇಗ ಬರತೊಡಗಿತು. ಮರುದಿನ ಬೆಳಿಗ್ಗೆ ಎದ್ದು ಗಲ್ಲ ಮುಟ್ಟಿಕೊಂಡಾಗ ಕೈಗೆ ಚುಚ್ಚಿದರೆ ಒಂದು ಸಮಾಧಾನ. ಗಡ್ಡ ಬಂದದ್ದಕ್ಕೆ ಸಂತೋಷಪಡುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ.

ಮಳೆಗಾಲ ಸುರುವಾದ ವಾರ, ಶಾಲೆಗೆ ಹೊರಡುವ ಹೊತ್ತಿಗೆ ಮಲ್ಲವ್ವನ ಫೋನು ಬಂತು. ಅಳುತ್ತಿರಲಿಲ್ಲ.

"ಅಪ್ಪ ಹ್ವಾದ್ನ್ರಿ ಮಾಸ್ತರ. ಹೊತ್ತು ಮೂಡೂ ಮುಂದ ಚಹಾ ಕುಡದ, ಮಕ್ಕೊಂಡ, ಆತು." ದನಿ ತಗ್ಗಿಸಿ ಹೇಳಿದಳು: "ಗಡ್ಡ ಬಂದೈತ್ರಿ, ಕೈಗೆ ಚುಚ್ಚತೈತಿ. ಜಲ್ದಿ ಬರ್ರಿ."

ಸುಜಾತಾ ಡಬ್ಬಿ ಕೈಗೆ ಕೊಡಲು ಬಂದಳು, ಬೇಗ ಮುಗಿಯುತ್ತದೆ ಎಂದು. ಬೇಡ ಎಂದು ಬಟ್ಟಲು ಬ್ರಶ್ಶನ್ನು ಟವೆಲ್ಲಿನಲ್ಲಿ ಸುತ್ತಿ ಬೈಕಿನ ಡಿಕ್ಕಿಗೆ ಹಾಕಿಕೊಂಡೆ. ಬಂಕಾಪುರದ ಹತ್ತಿರ ನವಿಲುಗಳು ಕೂಗುತ್ತಿದ್ದವು. ಮೋಡದ ಬೆಳಗಿನಲ್ಲಿ ನವಿಲು ಕೂಗುವುದು ಸಹಜ, ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಆದರೂ ಬೈಕು ಜೋರು ಮಾಡಿದೆ.

ದಾರಿಯುದ್ದಕ್ಕೂ ನನಗೆ ನಾನೇ ಪಾಠ ಹೇಳಿಕೊಂಡು ಹೋದೆ. ಸತ್ತ ಮೇಲೆ ಗಡ್ಡ ಬೆಳೆಯುವುದಿಲ್ಲ. ಚರ್ಮ ಒಣಗಿ ಕುಗ್ಗುತ್ತದೆ, ಒಳಗಿದ್ದ ಕೂದಲ ಮೊನೆ ಹೊರಗೆ ಕಾಣುತ್ತದೆ, ನೋಡಿದವರಿಗೆ ಬೆಳೆದಂತೆ ಅನಿಸುತ್ತದೆ. ಅಷ್ಟೇ.

ಅಜ್ಜನನ್ನು ಒಳಕೋಣೆಯಲ್ಲಿ ಮಣೆಯ ಮೇಲೆ ಕೂಡಿಸಿ, ಹಿಂದೆ ಅಳಿಯ ಹಿಡಿದುಕೊಂಡಿದ್ದ. ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲ ತುಂಬ ಹೆಂಗಸರು ನಿಂತಿದ್ದರಿಂದ ಬೆಳಕೂ ಇರಲಿಲ್ಲ. ಕೈಯಿಂದ ಗಲ್ಲ ಹುಡುಕಿ ಮುಟ್ಟಿದೆ. ಅಂಗೈಗೆ ಚುಚ್ಚಿತು. ಮೊನೆಯಲ್ಲ, ಮೂರ್ನಾಲ್ಕು ದಿನ ಹಾಗೇ ಬಿಟ್ಟ ಗಡ್ಡ. ದಟ್ಟವಾಗಿತ್ತು. ಅಷ್ಟು ಗಟ್ಟಿ ಗಡ್ಡವನ್ನು ನಾನು ಚಳಿಗಾಲದಲ್ಲಿ ಮುಟ್ಟಿರಲಿಲ್ಲ.

ಮಲ್ಲವ್ವ ಬಿಸಿನೀರು ತಂದಿಟ್ಟಳು. ನಾನು ನೊರೆ ತಿರುವಿ, ಹಬೆಯಾಡುವಾಗಲೇ ಹಚ್ಚಿದೆ. ಅಭ್ಯಾಸಬಲದಿಂದ "ಗಲ್ಲಾ ಉಬ್ಬಸಜ್ಜಾ" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ಬಾಯೊಳಗೆ ಬೆರಳಿಟ್ಟೆ. ಬ್ಲೇಡು ಸರಸರ ಸದ್ದು ಮಾಡುತ್ತಾ ಇಳಿಯಿತು. ಎಳೆದ ನೊರೆಯನ್ನು ಒರೆಸಲು ಕಾಗದವಿರಲಿಲ್ಲ. ಅಪ್ಪ ಮಾಡುತ್ತಿದ್ದಂತೆ ಎಡ ಮುಂಗೈಯ ಮೇಲೆ ಒರೆಸಿಕೊಳ್ಳುತ್ತಾ ಹೋದೆ. ಒಂದು ಗಲ್ಲ ಮುಗಿಸಿ, ಬ್ಲೇಡು ತೊಳೆಯಲು ಬಾಗಿಲ ಕಡೆಗೆ ತಿರುಗಿದಾಗ ಹೆಂಗಸರು ಸರಿದು ದಾರಿ ಬಿಟ್ಟರು. ಬೆಳಕು ನನ್ನ ಕೈಮೇಲೆ ಬಿತ್ತು.

ಬಿಳಿಯ ನೊರೆಯ ತುಂಬ ಕರಿಯ ಚೂರುಗಳು.

ಬ್ರಶ್ಶಿನ ಕೂದಲು ಉದುರಿರಬೇಕು ಎಂದುಕೊಂಡೆ. ಬ್ರಶ್ಶು ನೋಡಿದೆ. ಅದರ ಕೂದಲು ಬೂದಿಬಣ್ಣದವು, ಉದ್ದನೆಯವು. ಇವು ಎಳ್ಳಿಗಿಂತ ಸಣ್ಣ, ಬ್ಲೇಡಿಗೆ ಈಗಷ್ಟೇ ಕತ್ತರಿಸಿದವು, ಹೊಳೆಯುತ್ತಿದ್ದವು. ತಿರುಗಿ ಅಜ್ಜನ ಕಡೆ ನೋಡಿದೆ. ತಲೆಯ ಕೂದಲು ಹತ್ತಿಯ ಹಾಗೆ ಬೆಳ್ಳಗಿತ್ತು. ಹುಬ್ಬು ಬೆಳ್ಳಗಿತ್ತು. ಇನ್ನೂ ತೆಗೆಯದ ಗಲ್ಲ ನೊರೆಯ ಕೆಳಗಿತ್ತು. ನೊರೆ ಇಳಿಯುತ್ತಿತ್ತು, ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲರಿಗೂ ಕಾಣುತ್ತಿತ್ತು.

"ಏನಾತ್ರಿ ಮಾಸ್ತರ?" ಎಂದಳು ಮಲ್ಲವ್ವ.

"ಏನಿಲ್ಲವ್ವ. ಇನ್ನೊಂದ್ ಸಲ ಹಚ್ಚತೇನಿ," ಎಂದು ಬೇಗ ಬೇಗ ತಿರುವಿ, ದಪ್ಪಗೆ ಹಚ್ಚಿ, ಉಳಿದದ್ದನ್ನು ತೆಗೆದೆ. ಗದ್ದದ ಕೆಳಗೆ, ಮೂಗಿನ ಕೆಳಗೆ, ಕಿವಿಯ ಹತ್ತಿರ, ಎಲ್ಲೂ ಒಂದು ಕೂದಲು ಬಿಡಲಿಲ್ಲ. ಬಿಸಿನೀರಿನಲ್ಲಿ ಮುಖ ತೊಳೆದು, ಒರೆಸಿ, ನಾನೇ ತಲೆಗೆ ರುಮಾಲು ಸುತ್ತಿದೆ. ಆಮೇಲೆ ಟವೆಲ್ಲನ್ನು ಎಡಗೈಗೆ ಸುತ್ತಿಕೊಂಡು ಹೊರಗೆ ಬಂದೆ.

ಅಜ್ಜನನ್ನು ಹೊರಗೆ ತಂದು ಗೋಡೆಗೆ ಒರಗಿಸಿದರು. ಓಣಿಯ ಮಂದಿ ಒಬ್ಬೊಬ್ಬರೇ ಬಂದು ಕಾಲು ಮುಟ್ಟಿದರು. ಮುದುಕ ಪುಣ್ಯವಂತ, ವಯಸ್ಸಾಗಿತ್ತು, ನರಳಲಿಲ್ಲ ಎಂದು ಮಾತಾಡಿಕೊಂಡರು. ಯಾರೋ ನನ್ನನ್ನು ಕೇಳಿದರು: "ಎಷ್ಟ ವರ್ಷದಾವ್ರ ಆಗಿದ್ರ ರೀ ಸರ, ಅಜ್ಜಾರು?"

ಟವೆಲ್ಲಿನ ಒಳಗೆ ನೊರೆ ಇನ್ನೂ ಬೆಚ್ಚಗಿತ್ತು. ಕೆಂಚವ್ವನಿಗೆ ಗೊತ್ತಿದ್ದ ಆ ಮುಖಕ್ಕೆ ಎಷ್ಟು ವರ್ಷವೋ, ನಾನು ಹೇಗೆ ಹೇಳಲಿ.